ಪಾರ್ಟ್ನರ್ ವೀಸಾ ಪ್ರಶ್ನೋತ್ತರ: ಆಸ್ಟ್ರೇಲಿಯಾದಲ್ಲಿರುವ ಬೇರೆ ಬೇರೆ ದೇಶದ ಜೋಡಿಗಳಿಗೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನ ಮೇಡಂ ರಿಜಿಸ್ಟರ್ಡ್ ಮೈಗ್ರೇಷನ್ ಏಜೆಂಟ್. ಇವತ್ತು ಸಂಜೆ ಪಾರ್ಟ್ನರ್ ವೀಸಾ ಬಗ್ಗೆ ಮಾತ್ರ ಕೇಳಿ. ಪಿಆರ್ (ಶಾಶ್ವತ ವಾಸದ ಅನುಮತಿ) ಪಾಯಿಂಟ್ಸ್, ಅಪ್ಪ ಅಮ್ಮನ ವೀಸಾ ಇನ್ನೊಂದು ದಿನ. ಕೇಳುವ ಮೊದಲು ಮೇಲಿನ ಉತ್ತರ ಓದಿ.

ಬ್ರಿಸ್ಬೇನ್ ಬಿಸಿಬೇಳೆ: ನಮಸ್ಕಾರ ಮೇಡಂ. ನಾನು 482ರಲ್ಲಿ, ಅಂದರೆ ಕಂಪನಿ ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆಂಡತಿ ವಿಯೆಟ್ನಾಂನವಳು, ಈಗ ಹನೋಯ್‌ನಲ್ಲಿದ್ದಾಳೆ. ಪಾರ್ಟ್ನರ್ ವೀಸಾ ಹಾಕಬಹುದಾ? ಖರ್ಚು ಎಷ್ಟು?

ಮೇಡಂ: ನಮಸ್ಕಾರ. ಆಗಲ್ಲ. ಸ್ಪಾನ್ಸರ್ ಮಾಡುವವರು ಇಲ್ಲಿನ ಸಿಟಿಜನ್ ಅಥವಾ ಪಿಆರ್ ಆಗಿರಬೇಕು, ಇಲ್ಲವೇ ಅರ್ಹತೆ ಇರುವ ನ್ಯೂಜಿಲೆಂಡ್ ಪ್ರಜೆ ಆಗಿರಬೇಕು. ಆದರೆ ನಿಮಗೆ ಆ ವೀಸಾ ಬೇಕಾಗೇ ಇಲ್ಲ. ನಿಮ್ಮ 482ಕ್ಕೇ ಅವರನ್ನು ಕುಟುಂಬದವರು ಅಂತ ಸೇರಿಸಿ. ಪಾರ್ಟ್ನರ್ ವೀಸಾ ಶುಲ್ಕ ಒಂಬತ್ತು ಸಾವಿರ ಡಾಲರ್ ದಾಟಿದೆ. ರಿಜೆಕ್ಟ್ ಆದರೆ ಒಂದು ಪೈಸೆ ವಾಪಸ್ ಬರಲ್ಲ.

ಗೀಲಾಂಗ್ ಗೆಳೆಯ: ಮೇಡಂ, ನಾನು ಸ್ಟೂಡೆಂಟ್. ಗೆಳತಿ ನೇಪಾಳದವಳು. ನಾನು ಅವಳಿಗೆ ಪಾರ್ಟ್ನರ್ ವೀಸಾ ಸ್ಪಾನ್ಸರ್ ಮಾಡಬಹುದಾ?

ಮೇಡಂ: ಮೇಲಿನ ಉತ್ತರ ಓದಿ. ಪಿಆರ್ ಇಲ್ಲ ಅಂದರೆ ಸ್ಪಾನ್ಸರ್ ಇಲ್ಲ.

ಪರ್ತ್ ಪುಟ್ಟಿ: ಮೇಡಂ, ನನಗೆ ಪಿಆರ್ ಇದೆ. ಊರು ಶಿವಮೊಗ್ಗ. ನನ್ನ ಹುಡುಗ ಕೊಲಂಬಿಯಾದವನು, ಸ್ಟೂಡೆಂಟ್ ವೀಸಾ. ಪರಿಚಯ ಆಗಿ ಎರಡು ವರ್ಷ. ಏಳು ತಿಂಗಳಿಂದ ಒಂದೇ ಮನೆಯಲ್ಲಿದ್ದೇವೆ. ಅವನ ವೀಸಾ ಇನ್ನು 19 ದಿನಕ್ಕೆ ಮುಗಿಯುತ್ತದೆ. ಈ ಮೆಸೇಜ್ ಮೂರು ಗುಂಪಿನಲ್ಲಿ ಬಂತು: "ವೀಸಾ ಮುಗಿದರೂ ಹೆದರಬೇಡಿ!! 28 ದಿನ ಗ್ರೇಸ್ ಇದೆ. ಬ್ರಿಡ್ಜಿಂಗ್ ವೀಸಾ ತಗೊಂಡು ಆರಾಮಾಗಿ 820 ಹಾಕಿ. ಜಾಯಿಂಟ್ ಅಕೌಂಟ್ ಒಂದಿದ್ದರೆ ಸಾಕು. ಎಲ್ಲರಿಗೂ ಶೇರ್ ಮಾಡಿ." ಇದು ನಿಜಾನಾ?

ಮೇಡಂ: ಮೊದಲು ಆ ಮೆಸೇಜ್ ಅಳಿಸಿ. ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ. ಆಮೇಲೆ ಇದನ್ನು ಇಬ್ಬರೂ ಕೂತು ಓದಿ.

820 ಅಂದರೆ ಇಲ್ಲೇ ಇದ್ದು ಹಾಕುವ ಪಾರ್ಟ್ನರ್ ವೀಸಾ. ಅರ್ಜಿ ಹಾಕುವ ದಿನ ಅವನ ಕೈಯಲ್ಲಿ ಯಾವ ವೀಸಾ ಇದೆ ಅನ್ನೋದರ ಮೇಲೆ ಮುಕ್ಕಾಲು ಪಾಲು ಹಣೆಬರಹ ನಿಂತಿರುತ್ತದೆ. ಸ್ಟೂಡೆಂಟ್, ವಿಸಿಟರ್ ಇಂಥ ನಿಜವಾದ ವೀಸಾ ಇದ್ದರೆ ಮುಖ್ಯವಾಗಿ ಸಂಬಂಧದ ಬಗ್ಗೆ ಕೇಳುತ್ತಾರೆ. ಬ್ರಿಡ್ಜಿಂಗ್ ವೀಸಾ ಅಂದರೆ ಅರ್ಜಿಯ ತೀರ್ಮಾನ ಬರುವವರೆಗೆ ಇಲ್ಲಿರಲು ಕೊಡುವ ತಾತ್ಕಾಲಿಕ ವೀಸಾ, ಅದು ಆ ಲೆಕ್ಕಕ್ಕೆ ಬರಲ್ಲ. ಅದರ ಮೇಲೆ ನಿಂತು ಅರ್ಜಿ ಹಾಕಿದರೆ ಶೆಡ್ಯೂಲ್ 3 ಅನ್ನುವ ನಿಯಮ ಅಡ್ಡ ಬರುತ್ತದೆ. 28 ದಿನ ಬರುವುದು ಅಲ್ಲಿ. ಕರೆಂಟ್ ಬಿಲ್ ಕಟ್ಟೋಕೆ ಕೊಡುವ ಗಡುವಿನ ತರ ಅಲ್ಲ ಅದು. 28 ದಿನದೊಳಗೆ ಹಾಕಿದರೂ, ವೀಸಾ ತಪ್ಪಿದ್ದು ನಮ್ಮ ಕೈಮೀರಿದ ಕಾರಣಕ್ಕೆ ಅಂತ ತೋರಿಸಬೇಕು. ವಾಟ್ಸಾಪ್ ನಂಬಿದೆ ಅನ್ನೋದು ಕೈಮೀರಿದ ಕಾರಣ ಅಲ್ಲ. ಅದೂ ಆಗದಿದ್ದರೆ ಬಲವಾದ ಕಾರಣ ಕೊಟ್ಟು ವಿನಾಯಿತಿ ಕೇಳಬೇಕು. ಪ್ರೀತಿಸುತ್ತೇವೆ ಅಂದರೆ ಸಾಲದು. ಪ್ರೀತಿಸುತ್ತೇವೆ ಅಂತಲೇ ಎಲ್ಲರೂ ಬರುವುದು.

ಹಾಗಾದರೆ ನಾಳೆಯೇ 820 ಹಾಕಿಬಿಡೋಣ ಅಂತೀರಿ. ಅದೂ ಆಗಲ್ಲ. ಮದುವೆ ಆಗದ ಜೋಡಿ ಅರ್ಜಿಗೆ ಮುಂಚಿನ 12 ತಿಂಗಳು ಗಂಡ ಹೆಂಡತಿಯ ಹಾಗೆ ಸಂಸಾರ ಮಾಡಿರಬೇಕು. ಸುತ್ತಾಡಿದ ಕಾಲ ಅದಕ್ಕೆ ಸೇರಲ್ಲ. ನಿಮ್ಮದು ಏಳು ತಿಂಗಳು. ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನಂಥ ಕಡೆ ಸಂಬಂಧವನ್ನು ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿದರೆ ಈ 12 ತಿಂಗಳ ಷರತ್ತು ಬಿಟ್ಟುಹೋಗುತ್ತದೆ. ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಆ ವ್ಯವಸ್ಥೆಯೇ ಇಲ್ಲ. ಉಳಿದದ್ದು ಮದುವೆ. ಅದಕ್ಕೆ ಸೆಲೆಬ್ರಂಟ್ (ಕಾನೂನಿನ ಪ್ರಕಾರ ಮದುವೆ ಮಾಡಿಸುವವರು) ಹತ್ತಿರ ಕನಿಷ್ಠ ಒಂದು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಗಡುವು ಕಡಿಮೆ ಮಾಡೋಕೆ ಕೆಲವೇ ಕಾರಣ ಒಪ್ಪುತ್ತಾರೆ, ವೀಸಾ ಮುಗಿಯುತ್ತಿದೆ ಅನ್ನೋದು ಆ ಪಟ್ಟಿಯಲ್ಲಿಲ್ಲ. ಊರಿಗೆ ಹೋಗಿ ಮಾಡಿಕೊಳ್ಳೋಣ ಅಂದರೆ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲೂ 30 ದಿನದ ನೋಟಿಸ್ ಇದೆ, ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು.

ನನಗೆ ಕಾಣುವ ದಾರಿ ಎರಡು. ಅವನು ನಿಜವಾಗಿ ಓದು ಮುಂದುವರಿಸುತ್ತಾನಾದರೆ, ವೀಸಾ ಮುಗಿಯುವ ಮೊದಲೇ ಹೊಸ ಸ್ಟೂಡೆಂಟ್ ವೀಸಾಗೆ ಹಾಕಲಿ. ಮದುವೆ ನೋಟಿಸ್ ಈ ವಾರವೇ ಕೊಡಿ. ಮದುವೆ ಆಗಿ, ಹೊಸ ವೀಸಾ ಕೈಗೆ ಬಂದ ಮೇಲೆ 820. ಮಧ್ಯದಲ್ಲಿ ಬ್ರಿಡ್ಜಿಂಗ್ ಮೇಲಿರುವಾಗ ಅವಸರ ಬೇಡ. ಓದುವ ಮನಸ್ಸಿಲ್ಲ ಅಂದರೆ, ವೀಸಾ ಇರುವಾಗಲೇ ಹೊರಡಲಿ. ಹೊರಗೆ ಮದುವೆಯಾಗಿ 309, ಅಂದರೆ ಹೊರದೇಶದಲ್ಲಿದ್ದು ಹಾಕುವ ಪಾರ್ಟ್ನರ್ ವೀಸಾ ಹಾಕಿ. ದೂರ ಇರಬೇಕಾಗುತ್ತದೆ, ಕಷ್ಟ ಅಂತ ಗೊತ್ತು. ಆದರೆ ದಾಖಲೆ ಶುದ್ಧವಾಗಿ ಉಳಿಯುತ್ತದೆ.

ಇನ್ನೆರಡು ಪ್ರಶ್ನೆ. ಅವನ ವೀಸಾದಲ್ಲಿ 8503, ಅಂದರೆ ಇಲ್ಲಿದ್ದುಕೊಂಡೇ ಇನ್ನೊಂದು ವೀಸಾ ಹಾಕದಂತೆ ತಡೆಯುವ ಷರತ್ತು ಇದೆಯಾ? ಇಲ್ಲಿರುವಾಗ ಯಾವುದಾದರೂ ವೀಸಾ ರಿಜೆಕ್ಟ್ ಆಗಿದೆಯಾ? ಎರಡರಲ್ಲಿ ಒಂದು ಹೌದು ಅಂದರೂ ಮೇಲಿನ ಲೆಕ್ಕ ಬದಲಾಗುತ್ತದೆ. ಇವತ್ತೇ ನೋಡಿ ಹೇಳಿ.

ಅಡಿಲೇಡ್ ಅಂಕಲ್: ತಂಗಿ, ತಪ್ಪು ತಿಳಿಯಬೇಡ. ಮದುವೆಗೆ ಮುಂಚೆ ಏಳು ತಿಂಗಳು ಒಂದೇ ಮನೆ. ಶಿವಮೊಗ್ಗದಲ್ಲಿ ಅಪ್ಪ ಅಮ್ಮನಿಗೆ ಗೊತ್ತಾ?

ಸಿಡ್ನಿ ಸಂಪಿಗೆ: ಅಂಕಲ್, ಅವರು ಕೇಳಿದ್ದು ವೀಸಾ. ನಿಮ್ಮ ಒಪ್ಪಿಗೆ ಕೇಳಿಲ್ಲ.

ಅಡಿಲೇಡ್ ಅಂಕಲ್: ಹಿರಿಯನಾಗಿ ಹೇಳಿದೆ. ಗುಂಪಿನಲ್ಲಿ ಹಾಕಿದ ಮೇಲೆ ನಾಲ್ಕು ಜನ ಮಾತಾಡುತ್ತಾರೆ.

ಸಿಡ್ನಿ ಸಂಪಿಗೆ: ಇಲಾಖೆಯವರೇ ಒಟ್ಟಿಗೆ ಬಾಳಿದ ಸಾಕ್ಷಿ ಕೇಳುತ್ತಾರೆ. ನೀವು ಬಾಳಿದ್ದೇ ತಪ್ಪು ಅಂತೀರಿ. ಯಾರ ಮಾತು ಕೇಳೋದು?

ಕ್ಯಾನ್ಬೆರಾ ಕಾಫಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಮೇಡಂ, ಜಾಯಿಂಟ್ ಅಕೌಂಟ್ ಇಲ್ಲದಿದ್ದರೆ ಸಿಗೋದೇ ಇಲ್ವಾ? ನಾವಿಬ್ಬರೂ ದುಡ್ಡು ಬೇರೆ ಬೇರೆ ಇಟ್ಟಿದ್ದೇವೆ.

ಮೇಡಂ: ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮುಗಿಯಿತು ಅಂತಲ್ಲ. ದುಡ್ಡು, ಮನೆ, ಜನರ ನಡುವೆ ನಿಮ್ಮ ಬದುಕು, ಮುಂದೂ ಜೊತೆಗಿರುವ ತೀರ್ಮಾನ ಅಂತ ನಾಲ್ಕು ಕಡೆಯಿಂದ ನೋಡುತ್ತಾರೆ. ಬಾಡಿಗೆ ಕರಾರು, ದಿನಸಿ ಬಿಲ್, ಒಬ್ಬರಿಗೊಬ್ಬರು ಹಾಕಿದ ದುಡ್ಡು ಎಲ್ಲವೂ ಸಾಕ್ಷಿ. ಅರ್ಜಿಗೆ ವಾರದ ಮುಂಚೆ ಅಕೌಂಟ್ ತೆಗೆದು ಅದರಲ್ಲಿ ಐದು ಸಾವಿರ ಸುಮ್ನೆ ಇಟ್ಟರೆ ಯಾರೂ ನಂಬಲ್ಲ.

ಅಡಿಲೇಡ್ ಅಂಕಲ್: ಸಾಕ್ಷಿ ಬೇಕಾದವರಿಗೆ ನನ್ನ ಹತ್ತಿರ ಫಾರ್ಮ್ 888 ಬರೆದಿಟ್ಟದ್ದು ಇದೆ. ಸುಮಾರು ಜೋಡಿಗಳಿಗೆ ಪಾಸಾಗಿದೆ. ಹೆಸರು ಬದಲಾಯಿಸಿದರೆ ಆಯಿತು.

ಮೇಡಂ: ಅಂಕಲ್, ಇದನ್ನು ಈಗಲೇ ತೆಗೀರಿ. 888 ಅಂದರೆ ಆ ಜೋಡಿಯನ್ನು ಹತ್ತಿರದಿಂದ ಬಲ್ಲವರು ತಮ್ಮ ಮಾತಿನಲ್ಲಿ ಕೊಡುವ ಹೇಳಿಕೆ. ಹತ್ತು ಜೋಡಿಗೆ ಒಂದೇ ವಾಕ್ಯ ಬಂದರೆ ಓದುವ ಅಧಿಕಾರಿಗೆ ಕಣ್ಣಿಲ್ವಾ? ನಿಮಗೆ ಉಪಕಾರ, ಅವರಿಗೆ ರಿಜೆಕ್ಷನ್.

ಅಡಿಲೇಡ್ ಅಂಕಲ್: ಒಳ್ಳೆಯದು ಮಾಡಲು ಬಂದರೆ ಬೈಸಿಕೊಳ್ಳಬೇಕು.

ಸಿಡ್ನಿ ಸಂಪಿಗೆ: ಮದುವೆಗೆ ಮುಂಚೆ ಒಟ್ಟಿಗಿರೋದು ತಪ್ಪು, ಗೊತ್ತಿಲ್ಲದವರ ಸಂಸಾರಕ್ಕೆ ಸಾಕ್ಷಿ ಹೇಳೋದು ಸರಿ. ಅಲ್ವಾ?

ಡಾರ್ವಿನ್ ದೋಸೆ: ಮೇಡಂ, ನನಗೆ ಪಿಆರ್ ಬಂದದ್ದು ಮೊದಲ ಹೆಂಡತಿ ಸ್ಪಾನ್ಸರ್ ಮಾಡಿದ್ದರಿಂದ. ಡಿವೋರ್ಸ್ ಆಯಿತು. ಈಗ ಫಿಲಿಪ್ಪೀನ್ಸ್ ಹುಡುಗಿಯನ್ನು ಮದುವೆ ಆಗುತ್ತಿದ್ದೇನೆ. ಸ್ಪಾನ್ಸರ್ ಮಾಡಬಹುದಾ?

ಮೇಡಂ: ನಿಮ್ಮ ಆ ಅರ್ಜಿ ಹಾಕಿದ ದಿನದಿಂದ ಐದು ವರ್ಷ ಆಗಿರಬೇಕು. ಪಿಆರ್ ಬಂದ ದಿನದಿಂದ ಅಲ್ಲ. ಹಳೇ ಇಮೇಲ್ ತೆಗೆದು ತಾರೀಖು ನೋಡಿ.

ಹೋಬಾರ್ಟ್ ಹಲಸು: ನನ್ನ ಗಂಡ ಜಪಾನಿನವರು. ಅವರಿಗೆ ಭಾರತದಲ್ಲಿ ಎಷ್ಟು ಕಾಲ ಬೇಕಾದರೂ ಇರಲು ಬಿಡುವ ಓಸಿಐ ಕಾರ್ಡ್ ಸಿಗುತ್ತಾ? ಬೆಂಗಳೂರಲ್ಲಿ ಫ್ಲ್ಯಾಟ್ ಇಬ್ಬರ ಹೆಸರಲ್ಲಿ ಮಾಡಬಹುದಾ?

ಕ್ಯಾನ್ಬೆರಾ ಕಾಫಿ: ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ತುಂಬಿದರೆ ಓಸಿಐಗೆ ಹಾಕಬಹುದು. ಫ್ಲ್ಯಾಟ್ ವಿಷಯ ಮೇಡಂ ಹೇಳಲಿ.

ಗೀಲಾಂಗ್ ಗೆಳೆಯ: ಮೇಡಂ, ನಾನು ಸ್ಟೂಡೆಂಟ್ ಆದರೂ ಗೆಳತಿ ಇಲ್ಲೇ ಇದ್ದಾಳಲ್ಲ, ಅದರಿಂದ ಏನೂ ಬದಲಾಗಲ್ವಾ?

ಮೇಡಂ: ಇಲ್ಲ.

ಟೌನ್ಸ್‌ವಿಲ್ ತಿಂಡಿ: ಹೆಂಡತಿಯ 820 ಇನ್ನೂ ಬಂದಿಲ್ಲ, ಹಳೇ ವೀಸಾ ಮುಗಿದು ಬ್ರಿಡ್ಜಿಂಗ್ ಎ ಶುರುವಾಗಿದೆ. ದೀಪಾವಳಿಗೆ ಊರಿಗೆ ಹೋಗಿ ಬರಬಹುದು ಅಂತ ಫ್ರೆಂಡ್ ಹೇಳಿದ.

ಮೇಡಂ: ಹೋಗಬಹುದು, ಬರೋಕಾಗಲ್ಲ. ಮೊದಲು ಬ್ರಿಡ್ಜಿಂಗ್ ಬಿ ತಗೊಳ್ಳಿ. ಫ್ರೆಂಡ್‌ಗೂ ಹೇಳಿ.

ಮೆಲ್ಬರ್ನ್ ಮಾವಿನಕಾಯಿ: ಯಾಕೆ ಇಷ್ಟೆಲ್ಲ ತಲೆನೋವು? ನನ್ನ ಕಸಿನ್ ಬೆಂಗಳೂರಿಂದ ಎರಡು ಲಕ್ಷಕ್ಕೆ ಎಲ್ಲ ಮಾಡಿಕೊಡುತ್ತಾನೆ. ಗ್ಯಾರಂಟಿ.

ಮೇಡಂ: ಅವರ ರಿಜಿಸ್ಟ್ರೇಷನ್ ನಂಬರ್?

ಮೆಲ್ಬರ್ನ್ ಮಾವಿನಕಾಯಿ: ಅದೆಲ್ಲ ಯಾಕೆ ಮೇಡಂ, ಕೆಲಸ ಆದರೆ ಸಾಕಲ್ವಾ? ನಿಮಗೆ ಬಿಸಿನೆಸ್ ಹೋಗುತ್ತೆ ಅಂತ ಭಯಾನಾ?

ಮೇಡಂ: ಅಡ್ಮಿನ್, ಈ ಪೋಸ್ಟ್ ಇರುತ್ತದೋ ನಾನು ಇರುತ್ತೇನೋ ನೋಡಿ. ವೀಸಾ ಗ್ಯಾರಂಟಿ ಅಂತ ಹೇಳುವ ಹಾಗೇ ಇಲ್ಲ, ನಾನೂ ಹೇಳಲ್ಲ.

ಅಡ್ಮಿನ್: ಅವರನ್ನು ತೆಗೆದಿದ್ದೇವೆ. ಮೇಡಂ ಹತ್ತಿರ ಮರ್ಯಾದೆಯಿಂದ ಮಾತಾಡಿ.

ಬ್ರಿಸ್ಬೇನ್ ಬಿಸಿಬೇಳೆ: 820 ಎಷ್ಟು ತಿಂಗಳಲ್ಲಿ ಬರುತ್ತೆ ಮೇಡಂ?

ಮೇಡಂ: ನಿಮಗೆ 820 ಬೇಡ ಅಂತ ಮೊದಲೇ ಹೇಳಿದೆ.

ಪರ್ತ್ ಪುಟ್ಟಿ: ಮೇಡಂ, ನೋಡಿದೆವು. 8503 ಇಲ್ಲ, ಯಾವುದೂ ರಿಜೆಕ್ಟ್ ಆಗಿಲ್ಲ. ಸೆಲೆಬ್ರಂಟ್ ನಾಳೆ ನೋಟಿಸ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಮುಂದಿನ ಕೋರ್ಸ್‌ಗೆ ಅವನಿಗೆ ಸೀಟೂ ಇದೆ. ಒಂದೇ ಅನುಮಾನ. ಸ್ಟೂಡೆಂಟ್ ಫಾರ್ಮ್‌ನಲ್ಲಿ ಸಿಂಗಲ್ ಅಂತ ಬರೆದರೆ ಸೇಫ್ ಅಂತ ಅವನ ಸ್ನೇಹಿತರು ಹೇಳುತ್ತಿದ್ದಾರೆ.

ಮೇಡಂ: ಖಂಡಿತ ಬೇಡ. ಈ ಫಾರ್ಮ್ ಎಲ್ಲಿಗೂ ಹೋಗಲ್ಲ, ನಿಮ್ಮ 820 ಅರ್ಜಿ ಬಂದಾಗ ಅಧಿಕಾರಿಗಳು ಪಕ್ಕದಲ್ಲೇ ಇಟ್ಟು ಓದಬಹುದು. ಒಂದರಲ್ಲಿ ಸಿಂಗಲ್, ಇನ್ನೊಂದರಲ್ಲಿ ಆಗಲೇ ಏಳು ತಿಂಗಳಿಂದ ಸಂಸಾರ ಅಂತ ಇದ್ದರೆ ಏನು ಉತ್ತರ ಕೊಡುತ್ತೀರಿ? ನಿಮ್ಮ ಹೆಸರು, ಒಟ್ಟಿಗೆ ಇರೋಕೆ ಶುರು ಮಾಡಿದ ತಾರೀಖು ಇದ್ದದ್ದು ಇದ್ದ ಹಾಗೆ ಬರೆಯಲಿ. ಹಿಂದಿನ ಸ್ಟೂಡೆಂಟ್ ಅರ್ಜಿಯಲ್ಲಿ ಏನು ಬರೆದಿದ್ದ ಅನ್ನೋದೂ ನನಗೆ ಬೇಕು. ಅದರ ಪ್ರತಿ, ಈಗಿನ ವೀಸಾ ಪತ್ರ, ಕಾಲೇಜಿನ ಎನ್‌ರೋಲ್‌ಮೆಂಟ್ ಪತ್ರ ಮೂರನ್ನೂ ಇವತ್ತು ರಾತ್ರಿಯೇ ಕಳಿಸಿ. ಗುಂಪಿಗೆ ಅಲ್ಲ, ನನಗೆ.