‘ಫೈಲ್’ ಅಂದರೂ ವಾಪಸ್, ‘ಕಡತ’ ಅಂದರೂ ವಾಪಸ್: ನಾನೇನು ಬರೆಯಲಿ?

ತುಂಗಾತೀರ:
ಒಂದು ಪುಟ್ಟ ಬ್ಯಾಕಪ್ ತಂತ್ರಾಂಶ, ಮುಕ್ತ ತಂತ್ರಾಂಶವೇ. ಅದರ ಕನ್ನಡದ ಪಿಒ ಫೈಲು (ಅನುವಾದದ ಸಾಲುಗಳನ್ನು ಬರೆಯುವ ಫೈಲು) ಖಾಲಿ ಬಿದ್ದಿತ್ತು. ಮೂರು ಭಾನುವಾರ ಕೂತು 140 ಸಾಲು ಮುಗಿಸಿದೆ. ‘ಫೈಲ್’ ಅಂತ ಬರೆದಿದ್ದಕ್ಕೆ ಪರಿಶೀಲಕರೊಬ್ಬರು “ಕನ್ನಡ ಪದ ಇದೆಯಲ್ಲ” ಅಂತ ವಾಪಸ್ ಕಳಿಸಿದರು. ಎಲ್ಲ ಕಡೆ ‘ಕಡತ’ ಮಾಡಿದೆ. ಇನ್ನೊಬ್ಬರು “ಕಡತ ಅಂದರೆ ತಾಲೂಕು ಕಚೇರಿ ನೆನಪಾಗುತ್ತೆ” ಅಂತ ತಡೆದರು. ಕಾಸಿಲ್ಲದ ಕೆಲಸಕ್ಕೆ ಇಷ್ಟೆಲ್ಲ ಅನ್ನಿಸಿಕೊಳ್ಳಬೇಕಾ?

ಗುಬ್ಬಚ್ಚಿ:
ಕಡತವೇ ಇರಲಿ. ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಕನ್ನಡದಲ್ಲಿ ವರ್ಷಗಳಿಂದ ಕಡತ, ಕಡತಕೋಶ ಅಂತಲೇ ಇದೆ. ಒಂದು ಕಿಟಕಿಯಲ್ಲಿ ಕಡತ, ಪಕ್ಕದ್ದರಲ್ಲಿ ಫೈಲ್ ಅಂದರೆ ಓದುವವರ ಗತಿ?

ಪೇಡೆ_ಪ್ರಿಯ:
ಯಾರು ಮಾತಾಡ್ತಾರ್ರೀ ಹಂಗ? ನಮ್ಮ ಸಾಲಿ ಲ್ಯಾಬ್‌ನ್ಯಾಗ 12 ಕಂಪ್ಯೂಟರ್ ಅದಾವ, ಎಲ್ಲಾನೂ ಕನ್ನಡಕ್ಕ ಹಾಕಿದ್ದೆ. ಏಳನೇತ್ತಾ ಹುಡುಗಿ ಒಬ್ಬಾಕಿ ಕೈ ಎತ್ತಿ, “ಸರ್, ಗುಪ್ತಪದ ಅಂದ್ರ ಪಾಸ್‌ವರ್ಡಾ?” ಅಂದ್ಲು. ಆದ್ರ ಒಂದು ಮಾತು: ‘ಉಳಿಸು’, ‘ಅಂಟಿಸು’, ‘ಅಳಿಸು’ ಅಂದ್ರೇನು ಅಂತ ಒಬ್ರೂ ಕೇಳಲಿಲ್ಲ. ಕ್ರಿಯಾಪದ ಕನ್ನಡದಾಗ ಇರ್ಲಿ, ನಾಮಪದ ಬಾಯಾಗ ಇದ್ದಂಗ ಇರ್ಲಿ. ಮುಗೀತು.

ಗುಬ್ಬಚ್ಚಿ:
‘ಜಾಲತಾಣ’ ಕೂಡ ಒಂದು ಕಾಲಕ್ಕೆ ಯಾರ ಬಾಯಲ್ಲೂ ಇರಲಿಲ್ಲ ಸ್ವಾಮಿ. ಬಳಸಿದ್ದಕ್ಕೇ ಬಂತು.

ಪೊಟ್ಟಣ_ಕಟ್ಟುವವ:
ನಾನು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ ಡೆಬಿಯನ್‌ಗೆ ತಂತ್ರಾಂಶ ಪ್ಯಾಕೇಜು ಮಾಡುವವನು, ಪದದ ಜಗಳ ನಿಮಗೇ ಬಿಟ್ಟೆ. ತುಂಗಾತೀರ, ನಿಮ್ಮ ಫೈಲನ್ನು ತೆರೆದು ನೋಡಿದೆ. ಹೆಸರು ಬಂದು ಕೂರುವ ಜಾಗದ ಮುಂದೆ ‘ಅನ್ನು ಅಳಿಸಬೇಕೆ?’ ಅಂತ ಬರೆದಿದ್ದೀರಿ. ಪರದೆಯ ಮೇಲೆ ಅದು “ಮದುವೆ ಫೋಟೋ ಅನ್ನು ಅಳಿಸಬೇಕೆ?” ಆಗುತ್ತೆ. ಫೋಟೋವನ್ನು, ಪತ್ರವನ್ನು, ಪಟ್ಟಿಯನ್ನು... ಈ ಸಂಧಿಯೆಲ್ಲ ಪ್ರೋಗ್ರಾಮಿಗೆ ಎಲ್ಲಿ ಗೊತ್ತು? “ಇದನ್ನು ಅಳಿಸಬೇಕೆ:” ಅಂತ ಮೊದಲು ಬರೆದು ಹೆಸರನ್ನು ಕೊನೆಗೆ ತಳ್ಳಿ, ವಿಭಕ್ತಿಯ ಕಾಟವೇ ಇಲ್ಲ. ಏಕವಚನದ ಜಾಗದಲ್ಲೂ ‘ಕಡತಗಳು’ ತುಂಬಿದ್ದೀರಿ, ಹಾಗಾಗಿ “1 ಕಡತಗಳು” ಅಂತ ಬರುತ್ತಿದೆ. ಇನ್ನು ಆ ‘ಅಮಾನ್ಯ ಪಾತ್ರ’! ಕ್ಯಾರೆಕ್ಟರ್ ಅಂದರೆ ಅಲ್ಲಿ ಅಕ್ಷರ ಕಣ್ರೀ, ನಾಟಕದ ಪಾತ್ರ ಅಲ್ಲ. ಯಂತ್ರ ಮಾಡಿದ ಅನುವಾದ ತಾನೇ?

ತುಂಗಾತೀರ:
ಸಿಕ್ಕಿಬಿದ್ದೆ. ಕೊನೆಯ 40 ಸಾಲು ಯಂತ್ರದ್ದು. ತಿದ್ದಿದ್ದೇನೆ ಅಂದುಕೊಂಡಿದ್ದೆ.

ಗುಬ್ಬಚ್ಚಿ:
ಇದಕ್ಕೇ ನಾನು ಯಂತ್ರ ಬೇಡ ಅನ್ನೋದು. ಒಂದು ಕಡೆ ಸಾಲು ಜೋಡಿಸುವ ಮೆನುವಿನಲ್ಲಿ ‘ಎಡ, ನಡು, ಸರಿ’ ಅಂತ ಇತ್ತು. ರೈಟ್ ಅಂದರೆ ಸರಿ!

ಪೊಟ್ಟಣ_ಕಟ್ಟುವವ:
ಬೇಡವೇ ಬೇಡ ಅನ್ನಲಾರೆ, ಕರಡು ಇದ್ದರೆ ತಿದ್ದೋಕೆ ಒಬ್ಬರಾದರೂ ಬರ್ತಾರೆ. ಆದರೆ ಅಂಥ ಸಾಲುಗಳಿಗೆ ‘ಫಜಿ’ (ಇನ್ನೂ ಪರಿಶೀಲಿಸಬೇಕು) ಅನ್ನೋ ಗುರುತು ಹಾಕಿ. ಗೆಟ್‌ಟೆಕ್ಸ್ಟ್ ಅನ್ನೋ ಅನುವಾದ ಜೋಡಿಸುವ ಸಾಧನ ಅವನ್ನು ಬಿಟ್ಟು ಉಳಿದದ್ದನ್ನಷ್ಟೇ ಕಟ್ಟುತ್ತೆ, ಆ ಜಾಗದಲ್ಲಿ ಇಂಗ್ಲಿಷೇ ಕಾಣುತ್ತೆ. ಕನ್ನಡಕ್ಕೆ ಆಗಿರುವ ಪೆಟ್ಟೂ ಇಲ್ಲೇ. ಮೂಲದ ಇಂಗ್ಲಿಷಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಕು, ಹಳೆಯ ಅನುವಾದ ಫಜಿ ಆಗಿಬಿಡಬಹುದು. ಎಂದೋ ಪೂರ್ತಿ ಕನ್ನಡವಾಗಿದ್ದದ್ದು ಈಗ ಅರ್ಧಂಬರ್ಧ ಕಾಣೋದು ಅದಕ್ಕೇ. ಕಡತವೋ ಫೈಲೋ ಅಂತ ಹೊಡೆದಾಡೋಕೆ ಹತ್ತು ಜನ ಇದ್ದೀವಿ, ಫಜಿ ತೆಗೆಯೋಕೆ ಒಬ್ಬರಿಲ್ಲ.

ಗುಬ್ಬಚ್ಚಿ:
ಅದು ಚುಚ್ಚಿತು. ಆದರೂ ಕಡತವೇ.

ತುಂಗಾತೀರ:
ಎಲ್ಲ ತಿದ್ದಿ ಕಳಿಸಿದ್ದೇನೆ, ಕಡತ ಅಂತಲೇ ಇಟ್ಟೆ. ಡೆಬಿಯನ್‌ನಲ್ಲಿ ಯಾವಾಗ ಬರುತ್ತೆ?

ಪೊಟ್ಟಣ_ಕಟ್ಟುವವ:
ತಂತ್ರಾಂಶ ಬರೆದವರು ಹೊಸ ಆವೃತ್ತಿ ಬಿಡಬೇಕು, ಆಮೇಲೆ ನಾನು ಪ್ಯಾಕೇಜು ಕಟ್ಟಬೇಕು. ಅದು ಹೋಗೋದು ಹೊಸದೆಲ್ಲ ಮೊದಲು ಬಂದು ಸೇರುವ ‘ಅನ್‌ಸ್ಟೇಬಲ್’‌ಗೆ. ಸ್ಟೇಬಲ್ (ಸ್ಥಿರ ಆವೃತ್ತಿ) ಆದ ಡೆಬಿಯನ್ 13 ಬಿಡುಗಡೆಯಾಗಿದ್ದು 2025ರ ಆಗಸ್ಟ್ 9ಕ್ಕೆ, ಅದರೊಳಗೆ ಸಾಮಾನ್ಯವಾಗಿ ಹೊಸ ಆವೃತ್ತಿ ಸೇರಿಸೋ ಹಾಗಿಲ್ಲ. ಸ್ಟೇಬಲ್‌ಗೂ ಸ್ಟೇಬಲ್‌ಗೂ ನಡುವೆ ಸುಮಾರು ಎರಡು ವರ್ಷ.

ಪೇಡೆ_ಪ್ರಿಯ:
ಎರಡು ವರ್ಷ! ಅಷ್ಟೊತ್ತಿಗೆ ಆ ಹುಡುಗಿ ಒಂಬತ್ತನೇತ್ತಾ ಇರ್ತಾಳ್ರೀ.

ಪೊಟ್ಟಣ_ಕಟ್ಟುವವ:
ಕಾಯಬೇಡಿ. ಪಿಒದಿಂದ ಎಂಒ ಫೈಲು (ಪ್ರೋಗ್ರಾಮು ನೇರವಾಗಿ ಓದುವ ರೂಪ) ಮಾಡಿ ಕಳಿಸ್ತೀನಿ. ಭಾಷೆಗಳ ‘ಲೊಕೇಲ್’ ಫೋಲ್ಡರಿನಲ್ಲಿ ಕನ್ನಡದ ಸಂಕೇತ ‘ಕೆಎನ್’ ಅಂತ ಇರುತ್ತಲ್ಲ, ಅದರೊಳಗಿನ ಸಂದೇಶಗಳ ಫೋಲ್ಡರಿಗೆ ಹಾಕಿ. ಒಂದು ಕಂಪ್ಯೂಟರಿನಲ್ಲಿ ನೋಡಿ, ಸರಿ ಇದ್ದರೆ ಉಳಿದ 11ಕ್ಕೆ.

ಪೇಡೆ_ಪ್ರಿಯ:
ಹಾಕಿದೆ, ಬಂತು! ಮದುವಿ ಫೋಟೋನೂ ಚಲೋ ಕೇಳಾಕತ್ತೈತಿ. ಆದ್ರ ‘ರದ್ದುಗೊಳಿಸು’ ಗುಂಡಿಯಾಗ ದಕಾರದ ಒತ್ತು ಕೆಳಗ ಅರ್ಧ ಕತ್ತರಿಸಿ ಹೋಗೈತಿ.

ಪೊಟ್ಟಣ_ಕಟ್ಟುವವ:
ಅದು ಅನುವಾದದ ತಪ್ಪಲ್ಲ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಗುಂಡಿ, ಒತ್ತಕ್ಷರಕ್ಕೆ ಎತ್ತರ ಸಾಲಲ್ಲ. ಫಾಂಟು ಯಾವುದು, ಗುಬ್ಬಿಯಾ ನವಿಲಾ? ಪರದೆಯ ಚಿತ್ರ ಕಳಿಸಿ, ಇವತ್ತೇ ಬಗ್ (ದೋಷದ) ವರದಿ ಹಾಕ್ತೀನಿ.