ಹೆಲ್ಗಾ ಎಸ್ಟ್‌ಬಿಯ ಬಗ್ಗೆ ದೊಡ್ಡಮ್ಮನವರ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪಶ್ಚಿಮದಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿರುವ ಅತ್ತಿಗೆಯವರು ನಿನ್ನೆ ತಮ್ಮ ಊರಿನಲ್ಲಿ ಬಾಳಿ ಹೋದ ಹೆಲ್ಗಾ ಎಸ್ಟ್‌ಬಿ ಎಂಬ ನಾರ್ವೆ ಮೂಲದ ಹೆಂಗಸಿನ ಬಗ್ಗೆ ನಾಲ್ಕು ಸಾಲು ಬರೆದು ಈ ಗುಂಪಿಗೆ ಹಾಕಿದ್ದರು. 1896ರಲ್ಲಿ ಮಗಳೊಬ್ಬಳನ್ನು ಜತೆಗೆ ಕರೆದುಕೊಂಡು ಅಲ್ಲಿಂದ ನ್ಯೂಯಾರ್ಕಿನವರೆಗೆ ನಡೆದೇ ಹೋದ ಧೀರೆ ಎಂದು ಅದರಲ್ಲಿತ್ತು. ಅದಕ್ಕೆ ದೊಡ್ಡಮ್ಮ, "ಮನೆ ತುಂಬ ಮಕ್ಕಳನ್ನು ಬಿಟ್ಟು ಹೊರಟವಳನ್ನು ಧೀರೆ ಎನ್ನಬೇಕೇ?" ಎಂದು ನೀವು ಕೇಳಿದ್ದೀರಿ. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಆಸಕ್ತಿಯಿಂದ ಓದಿಕೊಂಡು ಬಂದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ಬಿಡುವಾದಾಗ ಕೇಳಿಸಿಕೊಳ್ಳಿ.

ಹೆಲ್ಗಾ ಹುಟ್ಟಿದ್ದು 1860ರಲ್ಲಿ, ಈಗಿನ ಓಸ್ಲೋ, ಆಗಿನ ಕ್ರಿಸ್ಟಿಯಾನಿಯಾದಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ಅಮೆರಿಕದ ಮಿಷಿಗನ್ನಿಗೆ ಬಂದಳು, ಹದಿನಾರಕ್ಕೆ ತನ್ನ ನಾಡಿನವನೇ ಆದ ಓಲೆ ಎಸ್ಟ್‌ಬಿಯನ್ನು ಮದುವೆಯಾದಳು. ಮಿನ್ನೆಸೋಟಾದ ಬಯಲಿನಲ್ಲಿ, ಹುಲ್ಲಿನ ಬೇರು ಸಮೇತ ಕತ್ತರಿಸಿ ತೆಗೆದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕಟ್ಟಿದ ಮನೆಯಲ್ಲಿ ಸಂಸಾರ ಮಾಡಿ, 1887ರಲ್ಲಿ ಪಶ್ಚಿಮಕ್ಕೆ, ಸ್ಪೋಕೇನ್‌ಗೆ ಬಂದರು. ಅಲ್ಲಿ ಒಂದು ರಾತ್ರಿ ಕತ್ತಲೆಯ ಬೀದಿಯಲ್ಲಿ ಬಿದ್ದು ಆಕೆಗೆ ಬಲವಾದ ಪೆಟ್ಟಾಯಿತು. ಬೀದಿಯನ್ನು ಸರಿಯಾಗಿ ಇಟ್ಟುಕೊಳ್ಳದ ನಗರಾಡಳಿತದ ಮೇಲೆ ಈಕೆ ಮೊಕದ್ದಮೆ ಹೂಡಿ ಗೆದ್ದಳು. ಮತದ ಹಕ್ಕೂ ಇಲ್ಲದ ವಲಸೆಗಾರ ಗೃಹಿಣಿಯೊಬ್ಬಳು ಆ ಕಾಲದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದಳೆಂಬುದೇ ಆಕೆ ಎಂಥವಳೆಂದು ತಿಳಿಯಲು ಸಾಕು ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಸಂಸಾರ ಊರ ಹೊರಗಿನ ಮೈಕಾ ಕ್ರೀಕಿನ ಜಮೀನಿಗೆ ಹೋಯಿತು. 1893ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಮುಚ್ಚಿ ಕೆಲಸಗಳೆಲ್ಲ ನಿಂತುಹೋದವು. ಬಡಗಿಯಾಗಿದ್ದ ಓಲೆಗೆ ಬೆನ್ನಿಗೆ ಏಟಾಗಿ ಭಾರದ ಕೆಲಸ ಮಾಡಲಾಗದಂತಾಯಿತು. ಅಡಮಾನದ ಕಂತು ಕಟ್ಟಲಾಗದೆ ಮನೆ, ಹೊಲ ಎರಡೂ ಕೈತಪ್ಪುವ ಹಂತಕ್ಕೆ ಬಂದವು. ಅಂಥ ಹೊತ್ತಿನಲ್ಲಿ ನ್ಯೂಯಾರ್ಕಿನ ಕಡೆಯಿಂದ ಒಂದು ಪಂದ್ಯದ ಮಾತು ಬಂತು. ದೇಶದ ಉದ್ದಕ್ಕೂ ಹೆಂಗಸೊಬ್ಬಳು ಏಳು ತಿಂಗಳೊಳಗೆ ನಡೆದು ತೋರಿಸಿದರೆ 10,000 ಡಾಲರ್ ಕೊಡುವುದಾಗಿ. ಕೊಡುವವರು ಯಾರೆಂಬುದು ಇಂದಿಗೂ ಬಯಲಾಗಿಲ್ಲ. ತಲೆಗೆ ಐದು ಡಾಲರಿನ ಮೇಲೆ ಕೈಯಲ್ಲಿ ಹಣ ಇರಬಾರದು, ದಾರಿಯಲ್ಲಿ ದುಡಿದೇ ಉಣ್ಣಬೇಕು, ಬೇಡಬಾರದು ಎಂಬ ಷರತ್ತುಗಳಿದ್ದವು. ಸಾಲ್ಟ್ ಲೇಕ್ ಸಿಟಿಯಿಂದ ಮುಂದೆ, ಆಗ ಸೈಕಲ್ ತುಳಿಯುವ ಹೆಂಗಸರಿಗೆಂದು ಹೊಸದಾಗಿ ಬಂದಿದ್ದ ಗಿಡ್ಡ ಲಂಗ ತೊಡಬೇಕೆಂಬುದೂ ಸೇರಿತ್ತು. ಕಾಲಿನ ಗೆಣ್ಣು ಕಂಡರೆ ಮಾನ ಹೋಯಿತು ಎನ್ನುತ್ತಿದ್ದ ಕಾಲ ಅದು.

1896ರ ಮೇ 5ರಂದು ಮೂವತ್ತೈದು ದಾಟಿದ ತಾಯಿ, ಹರೆಯದ ಹಿರಿಯ ಮಗಳು ಕ್ಲಾರಾ ಇಬ್ಬರೂ ಹೊರಟರು. ಚೀಲದಲ್ಲಿ ಏನೇನಿತ್ತು ಎಂಬುದನ್ನು ಕೇಳಿ: ಒಂದು ರಿವಾಲ್ವರ್, ಕಣ್ಣಿಗೆ ಎರಚಲು ಕೆಂಪು ಮೆಣಸಿನ ಪುಡಿ ತುಂಬಿದ ಪಿಚಕಾರಿ, ದಿಕ್ಸೂಚಿ, ನಕ್ಷೆ, ಲಾಂದ್ರ, ಸ್ಪೋಕೇನ್‌ನ ಮೇಯರ್ ಕೊಟ್ಟ ಪರಿಚಯ ಪತ್ರ, ಅದರ ಜತೆಗೆ ಕೂದಲನ್ನು ಗುಂಗುರು ಮಾಡಿಕೊಳ್ಳುವ ಇಕ್ಕಳ! ಊರೂರಿನ ಪತ್ರಿಕಾ ಕಚೇರಿಗೆ, ಗವರ್ನರರ ಮುಂದೆ ಹೋಗಿ ನಿಲ್ಲಬೇಕಾದವರು ಅಲೆಮಾರಿಗಳಂತೆ ಕಾಣಬಾರದೆಂಬ ಎಚ್ಚರ ಅದರಲ್ಲಿದೆ ಎಂದು ನಾನು ತಿಳಿಯುತ್ತೇನೆ, ಆ ಇಕ್ಕಳದ ಮೇಲೆ ನನಗೆ ವಿಶೇಷ ಪ್ರೀತಿಯೂ ಇದೆ.

ರೈಲು ಹಳಿಯನ್ನೇ ಹಿಡಿದುಕೊಂಡು, ಮೈಲಿಗಟ್ಟಲೆ ಜನವಸತಿಯಿಲ್ಲದ ನೆಲದಲ್ಲಿ ನಡೆದರು. ಮನೆಗೆಲಸ ಮಾಡಿಕೊಟ್ಟು, ತಮ್ಮದೇ ಭಾವಚಿತ್ರಗಳನ್ನು ಮಾರಿ ಊಟ, ಬೂಟುಗಳಿಗೆ ಹಣ ಹೊಂದಿಸಿಕೊಂಡರು. ಒರೆಗಾನ್‌ನ ಲಾ ಗ್ರಾಂಡ್ ಊರಿನ ಬಳಿ ಬೆನ್ನುಬಿದ್ದು ಬಂದವನೊಬ್ಬನ ಕಾಲಿಗೆ ಹೆಲ್ಗಾ ಗುಂಡು ಹಾರಿಸಬೇಕಾಯಿತು. ಐಡಾಹೋದ ಲಾವಾ ಬಂಡೆಗಳ ನಡುವೆ ದಾರಿ ತಪ್ಪಿ ಅನ್ನ ಕಾಣದೆ ಅಲೆದರು. ಓಹಾಯೊದ ಕ್ಯಾಂಟನ್‌ನಲ್ಲಿ, ಆಗಷ್ಟೇ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ವಿಲಿಯಂ ಮೆಕಿನ್ಲಿಯವರ ಮನೆಗೂ ಹೋದರು. ಸುಮಾರು 3,500 ಮೈಲಿ ನಡೆದು ಡಿಸೆಂಬರ್ 23ರಂದು ನ್ಯೂಯಾರ್ಕ್ ತಲುಪಿದಾಗ, ಗಡುವು ಮೀರಿತೆಂದು ಹೇಳಿ ಹಣ ಕೊಡಲಿಲ್ಲ. ದಾರಿಯಲ್ಲಿ ಕ್ಲಾರಾಳ ಪಾದ ಉಳುಕಿ ಕಳೆದುಹೋದ ದಿನಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಊರಿಗೆ ಮರಳಲು ರೈಲು ಟಿಕೆಟ್ಟಿಗೂ ಗತಿಯಿಲ್ಲದೆ ತಾಯಿ ಮಗಳು ಆ ಚಳಿಗಾಲವಿಡೀ ಅಲ್ಲೇ ಸಿಕ್ಕಿಬಿದ್ದರು.

ದೊಡ್ಡಮ್ಮ, ಅತ್ತಿಗೆಯವರ ಬರಹದಲ್ಲಿ ಇಲ್ಲದ ಭಾಗ ಇಲ್ಲಿದೆ. 1897ರ ಏಪ್ರಿಲಿನಲ್ಲಿ ಮೈಕಾ ಕ್ರೀಕಿನ ಮನೆಗೆ ಗಂಟಲಮಾರಿ (ಡಿಫ್ತೀರಿಯಾ) ರೋಗ ಬಂತು. ಮಗಳು ಬರ್ತಾ ತೀರಿಕೊಂಡಳು, ಕೆಲವೇ ದಿನಗಳಲ್ಲಿ ಮಗ ಜಾನಿಯೂ ಹೋದ. ಸೋಂಕು ತಗಲದಿರಲೆಂದು ಓಲೆ ಉಳಿದ ಮಕ್ಕಳನ್ನು ಹೊರಗಿನ ಶೆಡ್ಡಿನಲ್ಲಿ, ಬೆಂಕಿಯ ಕಾವೂ ಇಲ್ಲದೆ ಇರಿಸಿದ್ದ. ತಾಯಿಗೆ ಸುದ್ದಿ ತಲುಪಿದ್ದು ಕಾಗದದಲ್ಲಿ. ರೈಲ್ವೆ ಕಂಪನಿಯ ಮುಖ್ಯಸ್ಥರಾಗಿದ್ದ ಚಾನ್ಸಿ ಡೆಪ್ಯೂ ಅವರು ಪಾಸು ಕೊಡಿಸಿದ ಮೇಲೆ ಆಕೆಗೆ ನ್ಯೂಯಾರ್ಕಿನಿಂದ ಹೊರಡಲು ಸಾಧ್ಯವಾಯಿತು. ಕಡೆಗೆ ಜಮೀನೂ ಉಳಿಯಲಿಲ್ಲ, ಸಾಲಕ್ಕೆ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಮ್ಮ ಮನೆಯ ಗಂಡಸರು ಹೋಟೆಲ್ ಕೆಲಸಕ್ಕೆಂದು ಮುಂಬೈಗೆ ಹೋಗಿ ವರ್ಷಕ್ಕೊಮ್ಮೆ ಬರುತ್ತಿದ್ದಾಗ, ಮಕ್ಕಳನ್ನು ಬಿಟ್ಟು ಹೋದರು ಎಂದು ನಾವು ಯಾರೂ ಆಡಿಕೊಳ್ಳಲಿಲ್ಲ. ಮನೆ ನಡೆಸಲು ಹೋಗಿದ್ದಾರೆ ಎಂದೇ ಹೇಳಿದೆವು. ಓಲೆಯ ಬೆನ್ನು ಕೆಲಸಕ್ಕೆ ಬಾರದಾದಾಗ ಹೆಲ್ಗಾ ಹೊರಟದ್ದೂ ಅದಕ್ಕಾಗಿಯೇ. ಆಕೆ ಮನೆಯಲ್ಲಿದ್ದಿದ್ದರೆ ಆ ಮಕ್ಕಳು ಬದುಕುತ್ತಿದ್ದರೆಂದು ಯಾರೂ ಹೇಳಲಾರರು. ಆದರೆ ಒಡಹುಟ್ಟಿದವರು ಸಾಯುವುದನ್ನು ತಾಯಿಯಿಲ್ಲದ ಮನೆಯಲ್ಲಿ ನೋಡಬೇಕಾಗಿ ಬಂದ ಮಕ್ಕಳಿಗೆ ಈ ಸಮಾಧಾನದ ಮಾತು ಯಾವ ಲೆಕ್ಕ? ಅವರ ಕೋಪ ತಪ್ಪೆಂದು ಹೇಳಲು ನನಗೆ ಬಾಯಿ ಬಾರದು. ಸುತ್ತಲಿನ ಸ್ಕ್ಯಾಂಡಿನೇವಿಯಾದ ಜನರೂ ಆಕೆಯನ್ನು ಹಳಿದರು. ಮನೆಯಲ್ಲಿ ಆ ನಡಿಗೆಯ ಮಾತನ್ನು ಎತ್ತುವಂತಿಲ್ಲ ಎಂದಾಯಿತು, ಆಕೆಯೂ ದಶಕಗಟ್ಟಲೆ ಬಾಯಿ ಬಿಡಲಿಲ್ಲ.

ಆದರೂ ಆಕೆ ಕುಗ್ಗಿ ಕೂರಲಿಲ್ಲ. ಸ್ಪೋಕೇನ್‌ನಲ್ಲಿ ಹೆಂಗಸರ ಮತದ ಹಕ್ಕಿಗಾಗಿ ದುಡಿದಳು, ವಾಷಿಂಗ್ಟನ್ ರಾಜ್ಯದಲ್ಲಿ 1910ರಲ್ಲಿ ಆ ಹಕ್ಕು ಬಂದೇ ಬಂತು. ಮುಪ್ಪಿನಲ್ಲಿ ಆ ನಡಿಗೆಯ ಕಥೆಯನ್ನು ತಾನೇ ಕೂತು ನೂರಾರು ಪುಟ ಬರೆದಿಟ್ಟಳು. 1942ರಲ್ಲಿ ಆಕೆ ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಬ್ಬರು ಆ ಹಸ್ತಪ್ರತಿಯನ್ನು ಕಸ ಸುಡುವ ಪೀಪಾಯಿಗೆ ಹಾಕಿ ಸುಟ್ಟುಬಿಟ್ಟರು. ಅವರ ಕೋಪವನ್ನು ಒಪ್ಪಿದ ನಾನು ಈ ಸುಡುವಿಕೆಯನ್ನು ಒಪ್ಪಲಾರೆ. ದಾರಿಯಲ್ಲಿ ಆಕೆ ಏನು ಯೋಚಿಸಿದಳು, ಆ ಕಾಗದ ಕೈಗೆ ಬಂದ ದಿನ ಆಕೆಗೆ ಏನಾಯಿತು ಎಂಬುದು ಆಕೆಯ ಮಾತಿನಲ್ಲೇ ನಮಗೆ ಸಿಗುತ್ತಿತ್ತು. ತಾಯಿ ತನ್ನ ಪರವಾಗಿ ಹೇಳಿಕೊಳ್ಳಲು ಉಳಿದಿದ್ದ ಒಂದೇ ದಾರಿಯನ್ನು ಮುಚ್ಚುವ ಹಕ್ಕು ಮಕ್ಕಳಿಗೂ ಇರಲಿಲ್ಲ.

ಕಥೆ ಉಳಿದದ್ದು ಸೊಸೆಯೊಬ್ಬಳಿಂದ. ಮಾವನ ಮನೆಯ ಸಿಟ್ಟಿನ ನಡುವೆಯೂ ಆಕೆ ಪತ್ರಿಕೆಯ ಹಳೆಯ ತುಣುಕುಗಳನ್ನು ಗುಟ್ಟಾಗಿ ತೆಗೆದಿಟ್ಟು, ಎಷ್ಟೋ ವರ್ಷಗಳ ಮೇಲೆ ಹೆಲ್ಗಾಳ ಮೊಮ್ಮಗಳ ಕೈಗೆ ಒಪ್ಪಿಸಿದಳು. ಮುಂದೆ ವಂಶದ ಹುಡುಗನೊಬ್ಬ ಶಾಲೆಯಲ್ಲಿ ಈ ಅಜ್ಜಿಯ ಬಗ್ಗೆ ಪ್ರಬಂಧ ಬರೆದ. ತಾಯಿ ಮಗಳು ಊರೂರಿನ ಪತ್ರಿಕಾ ಕಚೇರಿಗೆ ಹೋಗಿದ್ದರಲ್ಲ, ಆ ಊರುಗಳ ಹಳೆಯ ಸಂಚಿಕೆಗಳಲ್ಲಿ ಹುಡುಕಿ ಉಳಿದದ್ದನ್ನು ಜೋಡಿಸಿಕೊಳ್ಳಲು ಸಾಧ್ಯವಾಯಿತು.

ದೊಡ್ಡಮ್ಮ, ನಾನು ಆಕೆಯನ್ನು ಧೀರೆ ಎಂದೇ ಕರೆಯುತ್ತೇನೆ, ನೀವು ಒಪ್ಪದಿದ್ದರೂ ಬೇಸರವಿಲ್ಲ. ಅತ್ತಿಗೆಯವರಲ್ಲಿ ಒಂದು ಕೋರಿಕೆ: ನಿಮ್ಮ ಬರಹವನ್ನು ಅಲ್ಲಿನ ಕನ್ನಡದ ಮಕ್ಕಳಿಗೆ ಓದಿ ಹೇಳುವುದಾಗಿ ತಿಳಿಸಿದ್ದೀರಲ್ಲ, ಅದಕ್ಕೆ ಮೊದಲು ಬರ್ತಾ, ಜಾನಿ ಇಬ್ಬರ ಹೆಸರನ್ನೂ, ಆ ತುಣುಕುಗಳನ್ನು ಕಾಪಾಡಿದ ಸೊಸೆಯ ವಿಷಯವನ್ನೂ ದಯವಿಟ್ಟು ಅದರಲ್ಲಿ ಸೇರಿಸಿ.