ನಾರ್ದರ್ನ್ ಲೈಟ್ಸ್ ನೋಡೋಕೆ ಗೈಡ್ ಬೇಕಾ? ಹೋಗಿ ಬಂದವರು ಹೇಳಿ

ಗಂಗಾವತಿ, ಫೋಟೋ ಸ್ಟುಡಿಯೋ:
ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದು ಸಣ್ಣ ಸ್ಟುಡಿಯೋ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಅಪ್ಪನಿಗೆ 63 ವರ್ಷ. ರೀಲ್ ಹಾಕುತ್ತಿದ್ದ ಕಾಲದಿಂದ ಅವರಿಗೆ ಒಂದೇ ಆಸೆ, ನಾರ್ದರ್ನ್ ಲೈಟ್ಸ್, ಅಂದರೆ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಅದರ ಫೋಟೋ ತಾವೇ ತೆಗೆಯಬೇಕು ಅಂತ. ಬರುವ ಫೆಬ್ರವರಿಯಲ್ಲಿ ಮದುವೆ ಆರ್ಡರ್‌ಗಳ ನಡುವೆ ಎಂಟು ದಿನ ಬಿಡುವು ಮಾಡಿಕೊಂಡಿದ್ದೇನೆ. ಇಬ್ಬರಿಗೂ ಸೇರಿ 5 ಲಕ್ಷದೊಳಗೆ ಮುಗಿಯಬೇಕು. ಅಪ್ಪನಿಗೆ ಮಂಡಿ ನೋವಿದೆ. ನಾರ್ವೆನಾ, ರಷ್ಯಾನಾ? ರಾತ್ರಿ ಗೈಡ್ ಜೊತೆ ಹೋಗಬೇಕಾ, ನಾವೇ ಹೋಗಬಹುದಾ? ದಯವಿಟ್ಟು ಅನುಭವ ಹೇಳಿ.

ಸಿಂಧನೂರು, ರೈಸ್ ಮಿಲ್:
ತಮ್ಮಾ, ನಾನು, ನಮ್ಮ ಮನೆಯವರು 2024ರ ಜನವರಿ ಮೊದಲ ವಾರ ನಾರ್ವೆಯ ಟ್ರೋಮ್ಸೋಗೆ ಹೋಗಿದ್ದೆವು. ಲೆಕ್ಕ ಪೂರ್ತಿ ಹೇಳುತ್ತೇನೆ, ಯಾರೂ ಹೇಳೋದಿಲ್ಲ. ಬೆಂಗಳೂರಿನ ಒಂದು ಏಜೆನ್ಸಿ ಪ್ಯಾಕೇಜು, ಇಬ್ಬರಿಗೆ 5,70,000. ಅದರ ಮೇಲೆ ಜಿಎಸ್‌ಟಿ 5%, ಅಂದರೆ 28,500. ಅದೆಲ್ಲದರ ಮೇಲೆ ಮತ್ತೆ ಟಿಸಿಎಸ್ (ಏಜೆನ್ಸಿಯವರೇ ಮುಂಗಡ ಹಿಡಿಯುವ ಆದಾಯ ತೆರಿಗೆ) 5%, 29,925. ಈ ಟಿಸಿಎಸ್ ರಿಟರ್ನ್ ಹಾಕಿದ ಮೇಲೆ ವಾಪಸ್ ಬಂತು, ಆದರೆ ಮೊದಲು ಕೈಯಿಂದ ಕೊಡಲೇಬೇಕು. ವೀಸಾ, ವಿಮೆ 20 ಸಾವಿರ. ದಪ್ಪ ಬಟ್ಟೆ ಬಾಡಿಗೆ 12 ಸಾವಿರ.

ಪ್ಯಾಕೇಜಿನಲ್ಲಿ ಇದ್ದದ್ದು ಒಂದೇ ರಾತ್ರಿ ಟೂರು! ಅವತ್ತು ಮೋಡ. ದೊಡ್ಡ ಬಸ್ಸಲ್ಲಿ 50 ಜನ, ಊರಾಚೆ ಒಂದು ಜಾಗದಲ್ಲಿ ನಿಲ್ಲಿಸಿ ಬಿಸಿ ಚಾಕೊಲೇಟ್ ಕೊಟ್ಟು ವಾಪಸ್ ಕರೆದುಕೊಂಡು ಬಂದರು. ಮುಂದಿನ ಮೂರು ರಾತ್ರಿ ನಾವೇ 8 ಸೀಟಿನ ವ್ಯಾನ್ ಹಿಡಿದೆವು. ತಲೆಗೆ 1,450 ಕ್ರೋನರ್. ಇಬ್ಬರಿಗೆ, ಮೂರು ರಾತ್ರಿಗೆ 70 ಸಾವಿರ ರೂಪಾಯಿ ಹತ್ತಿರ ಆಯಿತು. ಎರಡು ರಾತ್ರಿ ಮತ್ತೆ ಮೋಡ. ನಮ್ಮ ಮನೆಯವರು ಹೋಟೆಲ್ ರೂಮಲ್ಲಿ ಅತ್ತರು. ಹಗಲಿಗೆ ಸೂರ್ಯ ಹುಟ್ಟೋದೇ ಇಲ್ಲ ಆ ವಾರ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು ಅಷ್ಟೇ. ಮನಸ್ಸು ಇನ್ನೂ ಕುಗ್ಗುತ್ತದೆ.

ಕೊನೆ ರಾತ್ರಿ ವ್ಯಾನಿನ ಹುಡುಗ ಉಪಗ್ರಹದ ಮೋಡದ ಚಿತ್ರ ನೋಡಿ, ಸ್ಕಿಬಾಟ್ನ್ ಕಣಿವೆ ದಾಟಿ ಫಿನ್‌ಲ್ಯಾಂಡ್ ಗಡಿ ತನಕ ಓಡಿಸಿದ. ಟ್ರೋಮ್ಸೋದಲ್ಲಿ ಮೈನಸ್ 5, ಅಲ್ಲಿ ಮೈನಸ್ 24. ರಾತ್ರಿ ಹನ್ನೊಂದೂವರೆಗೆ ಬಂತು. ಗಾಳಿಗೆ ಭತ್ತದ ಗದ್ದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗುತ್ತಾ ಹೋಗುತ್ತದಲ್ಲ, ಹಾಗೆ ಆಕಾಶ ಪೂರ್ತಿ ಹಸಿರು ಬಾಗಿತು. 7 ಲಕ್ಷ 30 ಸಾವಿರ ಖರ್ಚಾಗಿದೆ, ನನಗೆ ಒಂದು ರೂಪಾಯಿ ಬೇಜಾರಿಲ್ಲ. ಗೈಡ್ ಇಲ್ಲದೆ ಹೋಗಬೇಡ.

ಇನ್ನೊಂದು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿ. ತುಪ್ಪ ಒಯ್ಯಬೇಡ. ಹಾಲಿನ ಪದಾರ್ಥ ಹೊರಗಿನಿಂದ ತರುವಂತಿಲ್ಲ ಅಂತ ಓಸ್ಲೋದಲ್ಲಿ ಡಬ್ಬಿ ತೆಗೆಸಿದರು. ಮನೆಯಲ್ಲಿ ಕಾಸಿದ ತುಪ್ಪ.

ಬಳ್ಳಾರಿ, ಜೀನ್ಸ್ ಘಟಕ:
7 ಲಕ್ಷಾನಾ? ನಾವು ನಾಲ್ಕು ಜನ ಗೆಳೆಯರು 2023ರ ನವೆಂಬರ್‌ನಲ್ಲಿ ರಷ್ಯಾದ ಮರ್ಮಾನ್ಸ್ಕ್‌ಗೆ ಹೋಗಿ ಬಂದೆವು. ತಲೆಗೆ 1,35,000. ವಿಮಾನ, ರೂಮು, ಊಟ, ರಾತ್ರಿ ವ್ಯಾನು ಎಲ್ಲಾ ಸೇರಿ. ಇ-ವೀಸಾ ಮನೆಯಲ್ಲೇ ಕೂತು ಮಾಡಿಕೊಂಡೆವು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡುವ ಕೆಲಸವೇ ಇಲ್ಲ. ಅದೇ ಆಕಾಶ, ಅದೇ ಬೆಳಕು. ಮರ್ಮಾನ್ಸ್ಕ್ ಕೂಡ ಟ್ರೋಮ್ಸೋ ಥರಾನೇ 69 ಡಿಗ್ರಿ ಅಕ್ಷಾಂಶದ ಹತ್ತಿರ ಇದೆ.

ಕಷ್ಟ ಇತ್ತು, ಇಲ್ಲ ಅನ್ನಲ್ಲ. ನಮ್ಮ ಬ್ಯಾಂಕಿನ ವೀಸಾ ಕಾರ್ಡ್, ಮಾಸ್ಟರ್ ಕಾರ್ಡ್ ಯಾವುದೂ ಅಲ್ಲಿ ನಡೆಯಲ್ಲ. ಡಾಲರ್ ನಗದು ಒಯ್ದು ಮಾಸ್ಕೋದಲ್ಲಿ ರೂಬಲ್ ಮಾಡಿಸಿದೆವು. ಹರಿದ, ಗೀಚಿದ ನೋಟು ತಗೊಳ್ಳಲ್ಲ, ನಮ್ಮವು 200 ಡಾಲರ್ ವಾಪಸ್ ಕೊಟ್ಟರು. ಬ್ಯಾರೆಂಟ್ಸ್ ಸಮುದ್ರದ ದಂಡೆಯ ಟೆರಿಬೆರ್ಕಾ ಅನ್ನುವ ಹಳ್ಳಿಗೆ ಹೋದಾಗ ಹಿಮಗಾಳಿ ಎದ್ದು ರಸ್ತೆಗೆ ಗೇಟ್ ಹಾಕಿದರು. 19 ತಾಸು ಅಲ್ಲೇ. ಆದರೆ ಐದು ರಾತ್ರಿಯಲ್ಲಿ ಎರಡು ರಾತ್ರಿ ಕಂಡಿತು. ಜೀನ್ಸ್ ಹೊಲಿಯುವವನ ಮಾತು ಕೇಳಿ, ಅಲ್ಲಿ ಜೀನ್ಸ್ ಹಾಕಬೇಡಿ. ಹತ್ತಿ ಬಟ್ಟೆ ಬೆವರು ಹೀರಿ ಹಾಗೇ ತಣ್ಣಗಾಗುತ್ತದೆ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಪ್ಯಾಂಟ್.

ಕೊಪ್ಪಳ, ಮದುವೆ ಫೋಟೋಗ್ರಾಫರ್:
ಬಳ್ಳಾರಿ ಅಣ್ಣಾರೆ, ನೀವು ಹೋದಾಗಿನ ಮಾತು ಬೇರೆ. ಡ್ರೋನ್ ಭಯಕ್ಕೆ ಮಾಸ್ಕೋ ವಿಮಾನ ನಿಲ್ದಾಣಗಳನ್ನು ಎಷ್ಟು ಸಲ ಮುಚ್ಚಿದ್ದಾರೆ ನೋಡಿ. 63 ವರ್ಷದವರನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಹೇಳದೆ ಬರೀ ಅಗ್ಗ ಅಗ್ಗ ಅಂದರೆ ಹೇಗೆ?

ನನ್ನದು ಫಿನ್‌ಲ್ಯಾಂಡ್‌ನ ಸಾರಿಸೆಲ್ಕಾ, 2025ರ ಫೆಬ್ರವರಿ. 'ಫೋಟೋ ಟೂರ್' ಅಂತ ಬರೆದಿದ್ದರು, 99 ಯೂರೋ. ಹೋಗಿ ನೋಡಿದರೆ ಬಸ್ ತುಂಬಾ ಜನ. ನಾನು 8 ಸೆಕೆಂಡ್ ಶಟರ್ ತೆರೆದಾಗಲೆಲ್ಲ ಯಾರೋ ಒಬ್ಬರು ಮೊಬೈಲ್ ಟಾರ್ಚ್ ಹಾಕಿಕೊಂಡು ಮುಂದೆ ಹಾದರು. ಗೈಡ್ ಬೇರೆ ಫ್ಲಾಶ್ ಹೊಡೆದು ಒಬ್ಬೊಬ್ಬರದೂ ಫೋಟೋ ತೆಗೆಯುತ್ತಿದ್ದ. ಆ ರಾತ್ರಿಯ 140 ಫೋಟೋದಲ್ಲಿ ಉಳಿದದ್ದು 6.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಬೆಂಗಳೂರಿನಿಂದ 14 ಎಂಎಂ, ಎಫ್ 1.8 ಲೆನ್ಸ್ ಬಾಡಿಗೆಗೆ ತಂದಿದ್ದೆ. ಹೊರಗೆ ಮೈನಸ್ 21. ಚಹಾ ಕುಡಿಯೋಕೆ ಅಂತ ಕ್ಯಾಮೆರಾ ಕೊರಳಲ್ಲಿ ಹಾಕಿಕೊಂಡೇ ಬೆಚ್ಚಗಿನ ಗುಡಿಸಲಿಗೆ ಹೋದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗಾಜಿನ ಮೇಲೆ ಹಾಲಿನ ಕೆನೆ ಥರ ಮಂಜು ಕೂತಿತು. 'ಬಂತು ಬಂತು' ಅಂತ ಹೊರಗೆ ಕೂಗಿದರು. ಹಾಗೇ ಓಡಿದೆ. ಆ ಮಂಜು ಗಾಜಿನ ಮೇಲೇ ಹೆಪ್ಪುಗಟ್ಟಿತು. ಗಡಿಬಿಡಿಯಲ್ಲಿ ಮಫ್ಲರ್ ತುದಿಯಿಂದ ಒರೆಸಿದೆ. ಕರಕರ ಅಂದಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಗೀರು ಬಿದ್ದದ್ದಕ್ಕೆ 38 ಸಾವಿರ ದಂಡ ಕಟ್ಟಿದೆ. ಮಾಡಬೇಕಾದ್ದು ಇಷ್ಟೇ. ಒಳಗೆ ಹೋಗುವ ಮೊದಲು, ಹೊರಗೇ, ಕ್ಯಾಮೆರಾನ ಜಿಪ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ. ಎರಡು ತಾಸು ಬಿಚ್ಚಬೇಡಿ. ಮೆಮೊರಿ ಕಾರ್ಡ್ ಮೊದಲೇ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಮೂರು ಬೇಕು, ಒಳಂಗಿಯ ಜೇಬಲ್ಲಿ ಮೈಗೆ ಹತ್ತಿಕೊಂಡಿರಬೇಕು. 70% ತೋರಿಸುತ್ತಿದ್ದ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಸತ್ತುಹೋಯಿತು.

ರಾಯಚೂರು, ಭೌತಶಾಸ್ತ್ರ ಉಪನ್ಯಾಸಕ:
ಗೈಡ್ ಬೇಕೇ ಬೇಕು ಅನ್ನುವುದನ್ನು ನಾನು ಒಪ್ಪಲ್ಲ. 2023ರ ಮಾರ್ಚ್‌ನಲ್ಲಿ ಒಬ್ಬನೇ ಸ್ವೀಡನ್‌ನ ಅಬಿಸ್ಕೋಗೆ ಹೋಗಿದ್ದೆ. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು. ಗೈಡ್‌ಗೆ ಒಂದು ಪೈಸೆ ಕೊಟ್ಟಿಲ್ಲ. ಸುತ್ತಲಿನ ಬೆಟ್ಟಗಳು ಮೋಡ ತಡೆಯುವುದರಿಂದ ಆ ಊರಿನ ಮೇಲೆ ಆಕಾಶ ತೆರೆದಿರುವುದು ಜಾಸ್ತಿ. ಹಾಸ್ಟೆಲ್‌ನಿಂದ ನಡೆದು ಹೆಪ್ಪುಗಟ್ಟಿದ ಟೋರ್ನೆಟ್ರ್ಯಾಸ್ಕ್ ಸರೋವರದ ದಂಡೆಗೆ ಹೋಗಿ ನಿಲ್ಲುತ್ತಿದ್ದೆ. ನಾಲ್ಕು ರಾತ್ರಿಯಲ್ಲಿ ಮೂರು ರಾತ್ರಿ ಕಂಡಿತು.

ಜನ ಕೆಪಿ ಸಂಖ್ಯೆ, ಅಂದರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅನ್ನುವ ಅಳತೆ, ನೋಡಿಕೊಂಡು ಕೂರುತ್ತಾರೆ. 0ಯಿಂದ 9ರ ತನಕ ಇರುವ ಆ ಲೆಕ್ಕ ಇಡೀ ಭೂಮಿಗೆ ಸೇರಿದ್ದು. ಅಷ್ಟು ಉತ್ತರದಲ್ಲಿ ನಿಂತವರಿಗೆ ಕೆಪಿ 2 ಇದ್ದರೂ ಸಾಕು, ಮೋಡ ಇರಬಾರದು ಅಷ್ಟೇ.

ನನಗೆ ಸಿಟ್ಟು ಬರುವುದು ಫೋಟೋಗಳ ಮೇಲೆ. ಮೊದಲ ರಾತ್ರಿ ಆಕಾಶದಲ್ಲಿ ಬೂದು ಬಣ್ಣದ ಪಟ್ಟಿ ಕಂಡಿತು, ಮೋಡ ಅಂದುಕೊಂಡು ವಾಪಸ್ ಹೊರಟಿದ್ದೆ. ಪಕ್ಕದಲ್ಲಿದ್ದವರ ಕ್ಯಾಮೆರಾದಲ್ಲಿ ಅದೇ ಪಟ್ಟಿ ಎಲೆಹಸಿರು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯಲ್ಲ, ಕ್ಯಾಮೆರಾ ಹತ್ತು ಸೆಕೆಂಡ್ ಬೆಳಕು ಕೂಡಿಸಿಕೊಳ್ಳುತ್ತದೆ. ಜೋರಾಗಿ ಬಂದ ದಿನ ಮಾತ್ರ ಕಣ್ಣಿಗೂ ಹಸಿರು ಕಾಣುತ್ತದೆ. ಇದನ್ನು ಹೇಳದೆ ಬಣ್ಣ ಏರಿಸಿದ ಫೋಟೋ ಹಾಕಿ ಟೂರ್ ಮಾರುವುದು ಮೋಸ.

ಕೊಪ್ಪಳ, ಮದುವೆ ಫೋಟೋಗ್ರಾಫರ್:
ಮೇಷ್ಟ್ರೇ, ಫೋಟೋ ತೆಗೆಯುವವರೆಲ್ಲ ಮೋಸಗಾರರಾ? ನಿಮ್ಮ ಕಣ್ಣಿಗೆ ಕಾಣದ ಬೆಳಕು ಅಲ್ಲಿ ಇತ್ತು ತಾನೇ? ಇದ್ದದ್ದನ್ನೇ ಹಿಡಿದಿದ್ದೇವೆ. ನೂರರಿಂದ ನೂರೈವತ್ತು ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕ ಹಸಿರು ಬೆಳಕು ಕೊಡುತ್ತದೆ ಅಂತ ನೀವೇ ಪಾಠ ಮಾಡುತ್ತೀರಿ. ಎರಡನೇ ರಾತ್ರಿ ಎಫ್ 1.8, ಐಎಸ್ಒ 1600, 4 ಸೆಕೆಂಡ್ ಇಟ್ಟು ತೆಗೆದ ಫೋಟೋಗಳಿವೆ ನನ್ನ ಹತ್ತಿರ. ಒಂದು ಚೂರೂ ಬಣ್ಣ ಏರಿಸಿಲ್ಲ. ಬಂದು ನೋಡಿ.

ರಾಯಚೂರು, ಭೌತಶಾಸ್ತ್ರ ಉಪನ್ಯಾಸಕ:
ನಿಮ್ಮನ್ನು ಹೇಳಲಿಲ್ಲ, ಜಾಹೀರಾತಿನವರನ್ನು ಹೇಳಿದ್ದು. ಆದರೂ ನಾಲ್ಕು ಸೆಕೆಂಡ್ ಇಟ್ಟಿದ್ದು ಸರಿ. ಹದಿನೈದು ಸೆಕೆಂಡ್ ಇಟ್ಟರೆ ಓಡುವ ಬೆಳಕಿನ ಗೆರೆಗಳೆಲ್ಲ ಕಲಸಿಹೋಗುತ್ತವೆ.

ಸಿಂಧನೂರು, ರೈಸ್ ಮಿಲ್:
ಮೇಷ್ಟ್ರೇ, ನೀವು ಒಬ್ಬರೇ ಹೋಗಿದ್ದಿರಿ, ಚಳಿಯಲ್ಲಿ ನಡೆದಿರಿ. ನಮ್ಮ ಮನೆಯವರನ್ನು ರಾತ್ರಿ ಕೆರೆ ದಂಡೆಗೆ ನಡೆಸಿಕೊಂಡು ಹೋಗೋಕೆ ಆಗುತ್ತಾ? ನಮ್ಮ ವ್ಯಾನಿಗೆ ಮಂಜುಗಡ್ಡೆ ಮೇಲೆ ಜಾರದಂತೆ ಮೊಳೆ ಹೊಡೆದ ಟೈರಿತ್ತು. ಮೋಡ ಇಲ್ಲದ ಜಾಗಕ್ಕೆ 160 ಕಿಲೋಮೀಟರ್ ಓಡಿಸಿದ. ನಿಮ್ಮ ಅಬಿಸ್ಕೋದಲ್ಲಿ ಮೋಡ ಬಂದಿದ್ದರೆ ಏನು ಮಾಡುತ್ತಿದ್ದಿರಿ?

ಕುಷ್ಟಗಿ, ಬೈಕ್ ರೈಡರ್:
ಇಷ್ಟು ದುಡ್ಡು ಯಾಕೆ? ಲಡಾಖ್‌ನ ಹಾನ್ಲೆಯಲ್ಲೇ ಕಂಡಿತ್ತಲ್ಲ, 2024ರ ಮೇ 10ರ ರಾತ್ರಿ. ನಾನು ಬೈಕಲ್ಲಿ ಹಾನ್ಲೆಗೆ ಹೋಗಿದ್ದೇನೆ, ಅಂಥ ಕತ್ತಲೆ ಆಕಾಶ ಎಲ್ಲೂ ಇಲ್ಲ.

ರಾಯಚೂರು, ಭೌತಶಾಸ್ತ್ರ ಉಪನ್ಯಾಸಕ:
ಅದು ಇಪ್ಪತ್ತು ವರ್ಷದಲ್ಲೇ ದೊಡ್ಡ ಸೌರ ಬಿರುಗಾಳಿ, ಸೂರ್ಯನಿಂದ ಕಣಗಳು ಜೋರಾಗಿ ನುಗ್ಗಿ ಈ ಬೆಳಕು ದಕ್ಷಿಣಕ್ಕೂ ಕಂಡ ದಿನ. ಹಾನ್ಲೆಯಲ್ಲಿ ಕ್ಯಾಮೆರಾಗೆ ಸಿಕ್ಕಿದ್ದು ಉತ್ತರದ ಕಡೆ ಕೆಂಪು ಹೊಳಪು. ಅದನ್ನು ನಂಬಿ ಟಿಕೆಟ್ ಮಾಡಿಸೋಕೆ ಆಗಲ್ಲ. ದಯವಿಟ್ಟು ಹುಡುಗನ ದಾರಿ ತಪ್ಪಿಸಬೇಡಿ.

ಬಳ್ಳಾರಿ, ದಂತ ವೈದ್ಯೆ:
ಬಿರುಗಾಳಿ ಅಂದಾಗ ನನ್ನ ಹೊಟ್ಟೆ ಉರಿಯುತ್ತದೆ. ನಾವು ಐಸ್‌ಲ್ಯಾಂಡ್‌ಗೆ ಹೋದದ್ದು 2024ರ ಅಕ್ಟೋಬರ್ ಮೊದಲ ವಾರ. ಏಳು ದಿನ ಕಾದು, ಯೋಕುಲ್ಸಾರ್ಲೋನ್ ಅನ್ನುವ ಹಿಮಸರೋವರದ ಹತ್ತಿರ ಒಂದೇ ಒಂದು ತಾಸು ತೆಳುವಾಗಿ ಕಂಡಿತು. 8ಕ್ಕೆ ವಾಪಸ್ ಹೊರಟೆವು. 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ, ಯುರೋಪ್, ಅಮೆರಿಕದಲ್ಲೆಲ್ಲ ಆಕಾಶ ಕೆಂಪು. ಅವತ್ತು ನಾನು ಬಳ್ಳಾರಿಯಲ್ಲಿ ಪೇಷೆಂಟ್ ಹಲ್ಲು ಕೀಳುತ್ತಿದ್ದೆ.

ನಾವೇ ಕಾರ್ ಬಾಡಿಗೆ ತೆಗೆದುಕೊಂಡಿದ್ದೆವು. ಒಂದು ಪೆಟ್ರೋಲ್ ಬಂಕ್‌ನಲ್ಲಿ ಯಜಮಾನರು ಬಾಗಿಲು ತೆಗೆದರು, ಗಾಳಿ ಬಾಗಿಲನ್ನೇ ಕಿತ್ತುಕೊಂಡು ಮುಂದಕ್ಕೆ ಮಡಚಿತು. ಹಿಂಜ್ ಬಗ್ಗಿತು. ಗಾಳಿಗೆ ಬಾಗಿಲು ಹೋದರೆ ನಮ್ಮ ವಿಮೆಯಲ್ಲಿ ಬರಲ್ಲ ಅಂತ ಆಮೇಲೆ ಗೊತ್ತಾಯಿತು. 2,20,000 ಕ್ರೋನಾ ಕಟ್ಟಿದೆವು, ನಮ್ಮ ದುಡ್ಡಲ್ಲಿ 1,35,000. ಮೂರು ರಾತ್ರಿ ಗೈಡ್ ಟೂರ್‌ಗೆ ಆಗಿ ಮಿಗುತ್ತಿತ್ತು. ಕಾರ್ ತಗೊಂಡರೆ ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಎರಡೂ ಕೈಯಲ್ಲಿ ಬಾಗಿಲು ಹಿಡಿದು ತೆಗೆಯಿರಿ.

ಮಂಡಿ ನೋವಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ ನೋಡಿ. ಚಳಿ ಬಿಡಿ, ನೆಲದ ಮೇಲಿನ ಮಂಜುಗಡ್ಡೆ ದೊಡ್ಡ ಶತ್ರು. ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ ಇಲ್ಲದೆ ಅಪ್ಪಾಜಿ ಒಂದು ಹೆಜ್ಜೆ ಇಡಬಾರದು.

ಲಿಂಗಸುಗೂರು, ಸರ್ಕಾರಿ ಶಿಕ್ಷಕ:
ನೋಡಿ ಬಂದವರು ಜಗಳ ಆಡುತ್ತಿದ್ದೀರಿ. ನಾನು ಹೋಗಲೇ ಇಲ್ಲ. ವಿದೇಶಕ್ಕೆ ಹೋಗಲು ಇಲಾಖೆಯ ಎನ್ಒಸಿ ಬೇಕಲ್ಲ, ಅದು ಕೈಗೆ ಬಂದದ್ದು ವೀಸಾ ಅಪಾಯಿಂಟ್‌ಮೆಂಟ್ ದಿನ ಮುಗಿದು 11 ದಿನಕ್ಕೆ. ಏಜೆನ್ಸಿಗೆ 1,80,000 ಕಟ್ಟಿದ್ದೆ. 'ನಿಮ್ಮ ಕಡೆಯ ತಪ್ಪು' ಅಂತ 72 ಸಾವಿರ ಹಿಡಿದುಕೊಂಡರು. ಮಗಳ ಕಾಲೇಜು ಫೀಸಿನಿಂದ ತೆಗೆದ ದುಡ್ಡು. ಮೊದಲು ವೀಸಾ, ಆಮೇಲೆ ದುಡ್ಡು. ವಾಪಸ್ ಎಷ್ಟು ಕೊಡುತ್ತಾರೆ ಅನ್ನೋದನ್ನು ಬರವಣಿಗೆಯಲ್ಲಿ ತಗೊಳ್ಳಿ.

ಬಳ್ಳಾರಿ, ಜೀನ್ಸ್ ಘಟಕ:
ಅದಕ್ಕೇ ಸರ್ ಹೇಳಿದ್ದು, ರಷ್ಯಾ ಇ-ವೀಸಾ ಅಂತ. ಕೊಪ್ಪಳದವರು ಹೆದರಿಸುತ್ತಾರೆ. ನಾವು ಎದೆ ಗಟ್ಟಿ ಮಾಡಿಕೊಂಡು ಹೋಗಿ ಬಂದಿದ್ದೇವೆ.

ಕೊಪ್ಪಳ, ಮದುವೆ ಫೋಟೋಗ್ರಾಫರ್:
ಎದೆ ಗಟ್ಟಿ ಇದ್ದರೆ ವಿಮಾನ ಹಾರುತ್ತಾ ಅಣ್ಣ? ಎನ್ಒಸಿ ರಷ್ಯಾಕ್ಕೂ ಬೇಕು. ಸರ್ಕಾರಿ ಶಿಕ್ಷಕರಿಗೆ ನೀವು ಹೇಳಿದ್ದರಿಂದ ಏನು ಉಪಯೋಗ?

ಸಿಂಧನೂರು, ರೈಸ್ ಮಿಲ್:
ಇಬ್ಬರೂ ಸುಮ್ನಿರಿ. ತಮ್ಮಾ, ತುಪ್ಪದ ವಿಷಯ ಮರೆಯಬೇಡ.

ಗಂಗಾವತಿ, ಫೋಟೋ ಸ್ಟುಡಿಯೋ:
ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಪ್ಯಾಕೇಜ್ ಬೇಡ ಅಂತಾಯಿತು. ಟ್ರೋಮ್ಸೋದಲ್ಲಿ ಐದು ರಾತ್ರಿ, ಅಡುಗೆಮನೆ ಇರುವ ರೂಮು. ಐದರಲ್ಲಿ ಮೂರು ರಾತ್ರಿ 8 ಸೀಟಿನ ವ್ಯಾನು, ಆ ದಿನದ ಮೋಡ ನೋಡಿ ಬುಕ್ ಮಾಡುತ್ತೇನೆ. ವೀಸಾ ಬರುವ ತನಕ ವಾಪಸ್ ಸಿಗದ ಟಿಕೆಟ್ ತಗೊಳ್ಳಲ್ಲ. ಡಾಕ್ಟರ್ ಅಕ್ಕ, ಮುಳ್ಳಿನ ಪಟ್ಟಿ ನಮ್ಮ ಕಡೆ ಸಿಗುತ್ತಾ?

ಕೊಪ್ಪಳ, ಮದುವೆ ಫೋಟೋಗ್ರಾಫರ್:
ನನ್ನ ಹತ್ತಿರ ಎರಡು ಜೊತೆ ಇವೆ, ತಗೊಂಡು ಹೋಗಿ. ಟ್ರೈಪಾಡೂ ಕೊಡುತ್ತೇನೆ. ಕಾಲುಗಳಿಗೆ ಬಟ್ಟೆ ಸುತ್ತಿಟ್ಟಿದ್ದೇನೆ, ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟಿಕೊಳ್ಳುತ್ತೆ. ಭಾನುವಾರ ಅಪ್ಪನನ್ನು ಕರೆದುಕೊಂಡು ಬನ್ನಿ. ಸ್ಟುಡಿಯೋ ಲೈಟ್ ಆರಿಸಿ, ಗ್ಲೌಸ್ ಹಾಕಿಕೊಂಡು ಕತ್ತಲಲ್ಲಿ ಫೋಕಸ್ ಮಾಡೋದನ್ನು ಅವರ ಕೈಯಲ್ಲೇ ಮಾಡಿಸೋಣ. ಅವರ ಬೂಟಿನ ಸೈಜ್ ಎಷ್ಟು?